ಅಪ್ಪ ಬಗ್ಗುತ್ತಿದ್ದ ಗೋಡೆ

ಒಂದು ನಿಮಿಷ! ಪ್ಲೀಸ್, ಮುಂದಕ್ಕೆ ಸ್ಕ್ರೋಲ್ ಮಾಡಬೇಡಿ. ಇದನ್ನು ಕೊನೆವರೆಗೂ ಕೇಳಿ, ಆಮೇಲೆ ಬೇಕಾದರೆ ನನ್ನನ್ನು ಬೈಯಿರಿ.

ಇದು ಒಂದು ಸೋರುವ ಗೋಡೆಯ ಕಥೆ. ಹೂಂ, ಪ್ರೇಮ ಕಥೆಯೇ! ಆ ಗೋಡೆ ಸೋರದೇ ಇದ್ದಿದ್ದರೆ ಇವರಿಬ್ಬರೂ ಈ ಜನ್ಮದಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ನನಗಂತೂ ಇದನ್ನು ಬರೆಯುವಾಗ ಈಗಲೂ ಮೈ ಜುಮ್ ಅನ್ನುತ್ತಿದೆ...

ಅವಳು ನೂಲಿನ ಬುಟ್ಟಿ ಹಿಡಿದು ನೆಲಮಾಳಿಗೆಯ ಮೆಟ್ಟಿಲು ಇಳಿಯುತ್ತಿದ್ದಳು. ಕೊನೆಯ ಮೆಟ್ಟಿಲಲ್ಲೇ ಕಾಲು ನಿಂತುಬಿಟ್ಟಿತು.

ಅವಳ ಮಗ್ಗದ ಪಕ್ಕದಲ್ಲಿ ಯಾರೋ ಒಬ್ಬ ಗೋಡೆಯನ್ನು ತಬ್ಬಿಕೊಂಡು ನಿಂತಿದ್ದ!

ಕಣ್ಣು ಮುಚ್ಚಿತ್ತು. ಕೈಯಲ್ಲಿ ಒಂದು ಮರದ ಕೋಲು. ಅದರ ಒಂದು ತುದಿ ಗೋಡೆಗೆ, ಇನ್ನೊಂದು ತುದಿ ಕಿವಿಗೆ. ಮುಖದಲ್ಲಿ ಮಗು ನಿದ್ದೆಯಲ್ಲಿ ನಗುತ್ತದಲ್ಲ, ಹಾಗೊಂದು ನಗು.

"ಯಾರ್ರೀ ನೀವು?!"

ಅವನು ಕಣ್ಣು ತೆರೆಯಲಿಲ್ಲ. ಬೆರಳೆತ್ತಿ ತುಟಿಯ ಮೇಲಿಟ್ಟುಕೊಂಡ. "ಶ್..."

ನನ್ನ ಮನೆ, ನನ್ನ ಮಗ್ಗ... ನನಗೇ 'ಶ್' ಅಂತಾನಾ?

ಬುಟ್ಟಿಗೆ ಕೈ ಹಾಕಿದಳು. ಸಿಕ್ಕಿದ ನೂಲಿನ ಉಂಡೆಯನ್ನು ಬೀಸಿ ಹೊಡೆದಳು. ಅದು ಅವನ ಕೆನ್ನೆಗೆ ಬಡಿದು, ಬಿಚ್ಚಿಕೊಳ್ಳುತ್ತಾ ಮೂಲೆಗೆ ಉರುಳಿತು.

"ಬೇಗ ಎತ್ಕೊಳ್ಳಿ," ಅಂದ ಅವನು, ಕಣ್ಣು ಮುಚ್ಚಿಕೊಂಡೇ. "ಆ ಮೂಲೇಲಿ ನೆಲ ಒದ್ದೆ ಇದೆ. ನೂಲು ಹಾಳಾಗತ್ತೆ."

ಕಣ್ಣು ಮುಚ್ಚಿಕೊಂಡಿರುವವನಿಗೆ ಅದು ಹೇಗೆ ಗೊತ್ತಾಯಿತು?!

ಅಷ್ಟರಲ್ಲಿ ಮೆಟ್ಟಿಲ ಮೇಲಿಂದ ಅತ್ತಿಗೆಯ ದನಿ ಕೇಳಿತು. "ಅಯ್ಯೋ ಜೇಡಮ್ಮಾ! ಹೇಳೋದೇ ಮರೆತೆ ಕಣೇ. ಅವ್ರು ಸೋರೋದು ಎಲ್ಲಿಂದ ಅಂತ ಹುಡುಕೋರು. ಎಲ್ಲರೂ ಅವ್ರನ್ನ ಗೋಡೆ ಡಾಕ್ಟ್ರು ಅಂತಾರೆ. ನಿಮ್ಮಣ್ಣನೇ ಕರೆಸಿದ್ದು. ಹೊಡೀಬೇಡ ಅವ್ರನ್ನ!"

"ಹೊಡೆದಾಯ್ತು," ಅಂದ ಗೋಡೆ ಡಾಕ್ಟ್ರು. ಈಗ ಕಣ್ಣು ತೆರೆದ.

ಅಷ್ಟೇ. ಆ ಕಣ್ಣು ನೋಡಿ ಅವಳು ಬೈಯುವುದು ಬಿಟ್ಟು, ಮೂಲೆಗೆ ಹೋಗಿ ನೂಲಿನ ಉಂಡೆ ಎತ್ತಿಕೊಂಡಳು.

ಜೇಡಮ್ಮ ಅನ್ನುವುದು ಅತ್ತಿಗೆ ಇಟ್ಟ ಹೆಸರು. ಇಡೀ ದಿನ ನೆಲದಡಿಯ ಕೋಣೆಯಲ್ಲಿ ಎಳೆಗಳ ನಡುವೆ ಕೂತಿರುವವಳಿಗೆ ಇನ್ನೇನು ಹೆಸರು ಇಡುತ್ತಾರೆ ಹೇಳಿ?

ಆ ಮಗ್ಗ ಅವಳ ಅಪ್ಪನದು. ಅಪ್ಪ ಮರದ ತುಂಡುಗಳನ್ನು ಕೆಳಗೆ ತಂದು ಅಲ್ಲೇ ಜೋಡಿಸಿದ್ದರು. ಈಗ ಅದು ಎಷ್ಟು ದೊಡ್ಡದೆಂದರೆ ಬಿಚ್ಚದೆ ಮೆಟ್ಟಿಲು ಹತ್ತಿಸಲು ಆಗುವುದಿಲ್ಲ. ಬಿಚ್ಚಿದರೆ ಅದರ ಮೇಲೆ ಉದ್ದಕ್ಕೆ ಬಿಗಿದ ಎಳೆಗಳನ್ನೆಲ್ಲ ಕತ್ತರಿಸಬೇಕು. ಆ ಎಳೆಗಳಿಗೆ ಹಾಸು ಅನ್ನುತ್ತಾರೆ.

ಆ ಹಾಸು ಹಾಸಿದ್ದು ಅಪ್ಪ. ಹಾಸಿ, ಒಂದು ಗೇಣು ನೇಯ್ದು, ಹೋಗಿಬಿಟ್ಟರು.

ಉಳಿದದ್ದನ್ನು ಅವಳು ನೇಯುತ್ತಿದ್ದಳು. ಉದ್ದಕ್ಕೆ ಅಪ್ಪನ ಎಳೆ, ಅಡ್ಡಕ್ಕೆ ಮಗಳ ಎಳೆ. ಬೇಕೆಂದೇ ನಿಧಾನವಾಗಿ ನೇಯುತ್ತಿದ್ದಳು. ಮುಗಿದರೆ ಅಪ್ಪನ ಎಳೆ ಮುಗಿದ ಹಾಗೆ ಅಲ್ಲವೇ?

ಆದರೆ ಗೋಡೆ ಸೋರತೊಡಗಿತ್ತು. ಬುಡದಿಂದ ನೀರು ಜಿನುಗುತ್ತಿತ್ತು. ನೇಯ್ದ ಬಟ್ಟೆಯ ಅಂಚಿಗೆ ಕಂದು ಕಲೆ ಬಿದ್ದಿತ್ತು. ತೇವ ಮೇಲೇರಿ ಅಮ್ಮ ಮಲಗುವ ಕೋಣೆಯ ಗೋಡೆಗೂ ಬಂದಿತ್ತು, ಅಮ್ಮನಿಗೆ ಕೆಮ್ಮು ಹತ್ತಿತ್ತು. ಅದಕ್ಕೇ ಅಣ್ಣ ಹೇಳಿಬಿಟ್ಟಿದ್ದ.

"ನೋಡು ಪುಟ್ಟಿ, ನಂಗೂ ಸಂಕಟ ಆಗತ್ತೆ. ಆದ್ರೆ ಮಳೆಗಾಲ ಶುರುವಾಗೋದ್ರೊಳಗೆ ಇದು ನಿಲ್ಲದಿದ್ರೆ ಮಗ್ಗ ಬಿಚ್ಚಿಸಿ, ರೂಮಿಗೆ ಮಣ್ಣು ತುಂಬಿಸ್ತೀನಿ. ಮೇಲೆ ಅಮ್ಮ ಇದಾರೆ. ಮನೆ ಮುಖ್ಯ."

ಅವನದೂ ತಪ್ಪಲ್ಲ. ಅದೇ ಕಷ್ಟ! ತಪ್ಪು ಯಾರದೋ ಒಬ್ಬರದಾಗಿದ್ದರೆ ಜಗಳವಾದರೂ ಆಡಬಹುದಿತ್ತು.

"ಈ ಕೋಲಲ್ಲಿ ಏನು ಕೇಳಿಸತ್ತೆ ನಿಮಗೆ?" ಅವಳು ಕೇಳಿದಳು. ಸ್ವಲ್ಪ ವ್ಯಂಗ್ಯವಾಗಿಯೇ.

ಅವನು ಕೋಲನ್ನು ಗೋಡೆಗೆ ಆನಿಸಿ ಹಿಡಿದು, ಈ ತುದಿಯನ್ನು ಅವಳ ಕಡೆ ಚಾಚಿದ. "ಉಸಿರು ಬಿಗಿ ಹಿಡೀರಿ. ಇಲ್ಲಾಂದ್ರೆ ನಿಮ್ಮ ಉಸಿರೇ ಕೇಳಿಸತ್ತೆ."

ಕಿವಿ ಇಟ್ಟಳು.

ಮೊದಲು ಏನೂ ಇಲ್ಲ. ಆಮೇಲೆ... ದೇವರೇ!

ಗೋಡೆಯ ಆಚೆ ಯಾರೋ ಪಿಸುಗುಟ್ಟುತ್ತಿದ್ದರು. ನಿಲ್ಲದೆ, ಅವಸರವಿಲ್ಲದೆ. ಎಲ್ಲಿಂದಲೋ ಹೊರಟು, ಕತ್ತಲಲ್ಲೂ ದಾರಿ ಬಲ್ಲ ಹಾಗೆ, ಕಲ್ಲಿಗೆ ಮೈ ತಾಗಿಸಿಕೊಂಡು ಹೋಗುವ ನೀರು. ಹುಟ್ಟಿದಾಗಿನಿಂದ ಅವಳು ಓಡಾಡಿದ ಕೋಣೆ ಅದು. ಅದರ ಗೋಡೆಗೊಂದು ದನಿ ಇದೆ ಅಂತ ಅವಳಿಗೆ ಗೊತ್ತೇ ಇರಲಿಲ್ಲ!

"ಇದು... ಇದು ಯಾವಾಗಿಂದ ಇದೆ?"

"ನಾವೆಲ್ಲ ಹುಟ್ಟೋಕೆ ಮುಂಚಿಂದ ಇರಬೇಕು. ಒರತೆ ಅನ್ಸತ್ತೆ." ಅವನ ದನಿಯೂ ತಗ್ಗಿತ್ತು, ದೊಡ್ಡವರ ಎದುರು ನಿಂತವನ ಹಾಗೆ. "ಎಷ್ಟೋ ಗೋಡೆ ಕೇಳಿದೀನಿ ನಾನು. ಆದ್ರೂ ಪ್ರತಿ ಸಲ ಹೀಗೇ ಆಗತ್ತೆ. ಕೂದಲು ನೆಟ್ಟಗಾಗತ್ತೆ."

ಅವಳು ಅವನ ಮುಂಗೈ ನೋಡಿದಳು. ನಿಜ! ರೋಮ ನೆಟ್ಟಗೆ ನಿಂತಿತ್ತು.

ಅವನು ಕೆಲಸ ಶುರುಮಾಡಿದ.

ಮನೆಯ ನಲ್ಲಿಗಳನ್ನೆಲ್ಲ ಮುಚ್ಚಿಸಿ ಮೀಟರ್ ಮುಳ್ಳು ನೋಡಿದ. ಅಲ್ಲಾಡಲಿಲ್ಲ. ಅಂದರೆ ಪೈಪ್ ಒಡೆದಿಲ್ಲ. ತಾರಸಿಯ ನೀರಿಳಿಯುವ ಕೊಳವೆಗೆ ಹಸಿರು ಬಣ್ಣ ಕಲಸಿದ ನೀರು ಹೊಯ್ದ. ಕೆಳಗೆ ಹಸಿರು ಬರಲಿಲ್ಲ. ಗೋಡೆಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಮರುದಿನ ಬಿಚ್ಚಿದ. ಹನಿ ಕಟ್ಟಿದ್ದು ಹಾಳೆಯ ಒಳಬದಿಗೆ, ಗೋಡೆಯ ಕಡೆ. ಅಂದರೆ ನೀರು ಬರುತ್ತಿರುವುದು ಮಣ್ಣಿನಿಂದಲೇ.

"ಡಾಕ್ಟ್ರೇ, ನನ್ನ ಕೆಮ್ಮಿಗೂ ಒಂದು ಹಾಳೆ ಅಂಟಿಸಿ ನೋಡಿ," ಅಂತ ಅಮ್ಮ ಮೇಲಿಂದ ಕೂಗುತ್ತಿದ್ದರು.

"ಅಂಟಿಸ್ತೀನಿ ಅಮ್ಮಾ, ಆದ್ರೆ ಒಂದು ದಿನ ಮಾತಾಡೋ ಹಾಗಿಲ್ಲ!"

"ಹಾಗಾದ್ರೆ ಬೇಡ ಬಿಡಿ. ಕೆಮ್ಮೇ ಇರಲಿ."

ಒಂದೇ ಒಂದು ಜಾಗಕ್ಕೆ ಮಾತ್ರ ಅವನಿಗೆ ಅಪ್ಪಣೆ ಇರಲಿಲ್ಲ. ಮಗ್ಗದ ಹಿಂದೆ, ಗೋಡೆಗೂ ಮಗ್ಗಕ್ಕೂ ನಡುವೆ ಒಬ್ಬರು ಮಾತ್ರ ತೂರುವಷ್ಟು ಸಂದು. ಅಲ್ಲಿ ಗೋಡೆಗೆ ನುಣ್ಣನೆಯ ಗಾರೆ, ಸುತ್ತ ಚೌಕಟ್ಟು, ನಡುವೆ ಅಪ್ಪನ ಫೋಟೋ.

"ಅಲ್ಲಿ ಕೋಲು ಇಡಬೇಡಿ," ಅಂದಳು ಅವಳು. "ಅಪ್ಪ ದಿನಾ ಬೆಳಗ್ಗೆ ಮಗ್ಗಕ್ಕೆ ಕೂರೋ ಮುಂಚೆ ಅಲ್ಲಿ ಮಂಡಿಯೂರಿ, ಬಗ್ಗಿ, ಕೈ ಮುಗೀತಿದ್ರು. ಚಿಕ್ಕೋಳಿದ್ದಾಗಿಂದ ನೋಡಿದೀನಿ. ಈ ಕಡೆಯಿಂದ ಅವ್ರ ಬೆನ್ನು ಮಾತ್ರ ಕಾಣ್ತಿತ್ತು. ಅವ್ರು ಹೋದ್ಮೇಲೆ ಅಣ್ಣ ಆ ಜಾಗಾನ ಚೆನ್ನಾಗಿ ಗಾರೆ ಮಾಡಿಸಿ ಫೋಟೋ ಹಾಕಿಸಿದ. ಸುತ್ತ ಗೋಡೆ ಬುಡಕ್ಕೂ ಸಿಮೆಂಟು ಬಳಿಸಿದ."

ಅವನು ಫೋಟೋ ನೋಡಿದ, ಅವಳ ಮುಖ ನೋಡಿದ, ತಲೆಯಾಡಿಸಿದ. ಮುಟ್ಟಲಿಲ್ಲ.

ಇಲ್ಲಿ ಸ್ವಲ್ಪ ಗಮನ ಕೊಡಿ, ಆಮೇಲೆ ಬೇಕಾಗುತ್ತೆ!

ಸೋರಿಕೆ ಮುಚ್ಚುವ ಮುಂಚೆ ಅವನು ಇನ್ನೊಂದು ಮಾತು ಕೇಳಿದ. "ಈ ರೂಮು ಪೂರ್ತಿ ಒಣಗಿದ್ರೆ ನಿಮಗೆ ತೊಂದರೆ ಇಲ್ಲ ತಾನೆ?"

"ತೊಂದರೆನಾ? ಒಂದೇ ಒಂದು ಹನಿನೂ ಇರಬಾರದು. ಗೊತ್ತಾಯ್ತಾ? ಒಂದು ಹನಿ!"

"ಆಯ್ತು ಮೇಡಂ. ಒಂದು ಹನಿನೂ ಇರಲ್ಲ."

ಬಿರುಕುಗಳನ್ನೆಲ್ಲ ಉಳಿಯಿಂದ ಅಗಲ ಮಾಡಿದ. ನೀರಿನಲ್ಲೇ ಗಟ್ಟಿಯಾಗುವ ಸಿಮೆಂಟನ್ನು ಕೈಯಲ್ಲಿ ಉಂಡೆ ಮಾಡಿ, ಜಿನುಗುವ ಬಾಯಿಗೆ ಒತ್ತಿ ಹಿಡಿದು, ಅದು ಬಿಸಿಯಾಗಿ ಕಚ್ಚಿಕೊಳ್ಳುವವರೆಗೂ ಕೈ ತೆಗೆಯದೆ ನಿಂತ. ಗಾಯಕ್ಕೆ ಅಂಗೈ ಒತ್ತಿ ಹಿಡಿದ ಹಾಗೆ. ಅವಳು ಮಗ್ಗದ ಮೇಲೆ ಕೂತು ನೋಡುತ್ತಿದ್ದಳು. ಅಡ್ಡ ಎಳೆ ಹಾಯಿಸುವ ಲಾಳಿ ಕೈಯಲ್ಲೇ ಇತ್ತು, ಓಡುತ್ತಿರಲಿಲ್ಲ...

"ನೇಯಿರಿ," ಅಂದ ಅವನು, ತಿರುಗದೆಯೇ. "ಈಗ ಕೇಳೋದೇನಿಲ್ಲ. ಮಗ್ಗದ ಸದ್ದು ಇದ್ರೆ ಚೆನ್ನಾಗಿರತ್ತೆ."

ಟಕ್-ಟಕಾ. ಟಕ್-ಟಕಾ. ಲಾಳಿ ಓಡಿತು. ಅವಳ ಎದೆಯೂ.

ಕೋಣೆ ಒಣಗಿತು! ಗೋಡೆ ಬೆಳ್ಳಗಾಯಿತು. ಅಮ್ಮನ ಕೆಮ್ಮು ಇಳಿಯಿತು. ಅಣ್ಣ ಮಣ್ಣಿನ ಮಾತು ಬಿಟ್ಟ. ಗೋಡೆ ಡಾಕ್ಟ್ರು ಕೋಲು ಚೀಲಕ್ಕೆ ಹಾಕಿಕೊಂಡು ಹೊರಟಾಗ ಬಾಗಿಲಲ್ಲಿ ಒಂದು ಕ್ಷಣ ನಿಂತ. ಏನೋ ಹೇಳುವವನ ಹಾಗೆ.

"ಏನು?" ಅಂದಳು.

"ಏನಿಲ್ಲ... ಕಲೆ ಬಿದ್ದಿರೋ ಕಡೆ ನಿಂಬೆಹಣ್ಣು ಹಚ್ಚಿ ನೋಡಿ."

ಅಷ್ಟು ಹೇಳಿ ಹೋಗಿಬಿಟ್ಟ! ನಿಂಬೆಹಣ್ಣು! ಅತ್ತಿಗೆ ಇದನ್ನು ಕೇಳಿ ಅಡುಗೆಮನೆಯಲ್ಲಿ ನೆಲಕ್ಕೆ ಕೂತು ನಕ್ಕಳು.

ಆದರೆ ಕೆಲವೇ ದಿನ. ಒಂದು ಬೆಳಗ್ಗೆ...

ಟಪ್.

ಹಾಸಿನ ಒಂದು ಎಳೆ ತುಂಡಾಯಿತು. ಗಂಟು ಹಾಕಿದಳು. ಲಾಳಿ ಎಸೆದಳು. ಟಪ್. ಇನ್ನೊಂದು. ಟಪ್. ಟಪ್!

ಬೆರಳಿಂದ ಮುಟ್ಟಿದಳು. ಎಳೆಗಳು ಒಣಗಿದ ಹುಲ್ಲಿನ ಹಾಗೆ ಒರಟಾಗಿದ್ದವು. ಬಟ್ಟೆಗಳನ್ನು ನೀರಿನಲ್ಲಿ ಅದ್ದಿ, ಹಿಂಡಿ, ಸುತ್ತಲೂ ತೂಗುಹಾಕಿದಳು. ಒಂದು ಗಳಿಗೆ ಸರಿಹೋಯಿತು. ಮತ್ತೆ ಟಪ್.

ಆಗ ಅವಳಿಗೆ ಅರ್ಥವಾಯಿತು. ಆ ಸಣ್ಣ ನೂಲಿಗೆ ತೇವ ಬೇಕು. ಇಷ್ಟು ವರ್ಷ ಈ ಕೋಣೆಯ ತಂಪಿನಲ್ಲೇ ಅದು ಮೆತ್ತಗಿತ್ತು. ಅವಳು ನೇಯ್ಗೆ ಕಲಿತದ್ದೇ ಈ ಕೋಣೆಯಲ್ಲಿ. ಬೇರೆ ಗಾಳಿಯಲ್ಲಿ ನೂಲು ಹೇಗಿರುತ್ತದೆ ಅಂತ ಅವಳಿಗೆ ಗೊತ್ತೇ ಇರಲಿಲ್ಲ!

ಅಪ್ಪನ ಎಳೆಗಳು. ಒಂದೊಂದೇ. ಅವಳ ಕಣ್ಣೆದುರಿಗೇ.

ಅವನನ್ನು ಕರೆಸಿದಳು. ಅವನು ಓಡಿಬಂದ, ಮುಖ ತುಂಬ ನಗು. ಆ ನಗು ನೋಡಿಯೇ ಅವಳಿಗೆ ಇನ್ನೂ ಸಿಟ್ಟು ಬಂತು.

"ಎಲ್ಲಿ ಸೋರ್ತಿದೆ?"

"ಎಲ್ಲೂ ಇಲ್ಲ! ಅದೇ ಆಗಿರೋದು! ನೋಡಿ ಇಲ್ಲಿ!" ತುಂಡಾದ ಎಳೆಗಳ ಹಿಡಿಯನ್ನು ಅವನ ಕೈಗೆ ತುರುಕಿದಳು. "ನಮ್ಮಪ್ಪ ಹಾಸಿದ್ದು ಇದು. ಸಾಯೋ ಮುಂಚೆ ಹಾಸಿದ್ದು. ಒಣಗಿಸಿ ಕೊಂದ್ಬಿಟ್ರಿ ನೀವು!"

ಅವನ ಮುಖದ ಬಣ್ಣ ಹೋಯಿತು. "ನೀವೇ... ಒಂದು ಹನಿನೂ ಬೇಡ ಅಂತ..."

"ನಂಗೆ ಗೊತ್ತಿರಲಿಲ್ಲ! ನಿಮಗೆ ಗೊತ್ತಿರಬೇಕಿತ್ತು! ಗೋಡೆ ಮಾತು ಕೇಳಿಸ್ಕೊಳ್ಳೋರು ತಾನೆ ನೀವು? ಹೋಗಿ. ಪ್ಲೀಸ್, ಹೋಗಿ."

ಅವನು ಎಳೆಗಳನ್ನು ಮೆಲ್ಲಗೆ ಮಗ್ಗದ ಮೇಲಿಟ್ಟು ಮೆಟ್ಟಿಲು ಹತ್ತಿದ.

ಅವನು ಹೋದ ಮೇಲೆ ಅವಳು ಅತ್ತಳು. ಎಳೆ ತುಂಡಾದದ್ದಕ್ಕಾ, ಅವನು ತಿರುಗಿ ನೋಡದೆ ಹೋದದ್ದಕ್ಕಾ... ಅವಳಿಗೇ ಗೊತ್ತಿಲ್ಲ.

ಮರುದಿನ ಅತ್ತಿಗೆ ಕಿಟಕಿಯಿಂದ ಬಗ್ಗಿ ನೋಡಿ ಪಿಸುಗುಟ್ಟಿದಳು. "ಜೇಡಮ್ಮಾ... ನಿನ್ನ ಡಾಕ್ಟ್ರು ಓಣೀಲಿ ನಿಂತಿದಾರೆ!"

"ನನ್ನ ಡಾಕ್ಟ್ರಲ್ಲ."

ಅದರ ಮಾರನೇ ದಿನವೂ ನಿಂತಿದ್ದ. ಅದರಾಚೆ ದಿನವೂ! ಒಳಗೆ ಬರುವುದಿಲ್ಲ, ಬಾಗಿಲು ಬಡಿಯುವುದಿಲ್ಲ. ಓಣಿಯ ಇಳಿಜಾರಿನ ತುದಿಯಲ್ಲಿ ನಿಂತು, ಅವರ ಮನೆಯ ಕಡೆಯೇ ನೋಡುತ್ತಾನೆ. ಒಮ್ಮೊಮ್ಮೆ ಕುಕ್ಕರಗಾಲಲ್ಲಿ ಕೂರುತ್ತಾನೆ.

"ಊಟ ಬಿಟ್ಟಿದಾನೆ ಅನ್ಸತ್ತೆ ಕಣೇ. ಪಾಪ, ನಿನ್ನ ಒಂದು ನೋಟಕ್ಕೆ..."

"ಅತ್ತಿಗೆ!"

ಹಾಗೆ ಅಂದಳು. ಆದರೆ ಕನ್ನಡಿ ಮುಂದೆ ಹೋಗಿ ಕೂದಲು ಸರಿಮಾಡಿಕೊಂಡಳು. ಸಿಟ್ಟು ಇನ್ನೂ ಇತ್ತು. ಆದರೆ ಅದರ ಕೆಳಗೆ ಏನೋ ಒಂದು ಜಿನುಗುತ್ತಿತ್ತು... ಎಲ್ಲಿಂದ ಅಂತ ಗೊತ್ತಾಗದ ಹಾಗೆ.

ಸೀದಾ ಓಣಿಗೆ ಇಳಿದಳು.

"ನೋಡಿ, ಹೀಗೆ ದಿನಾ ಬಂದು ನನ್ನ ನೋಡ್ತಾ ನಿಂತ್ಕೊಂಡ್ರೆ ಜನ ಏನಂತಾರೆ? ಏನಿದ್ರೂ ನೇರ ಹೇಳಿ!"

ಅವನು ಗಾಬರಿಯಿಂದ ಎದ್ದ. "ನಿಮ್ಮನ್ನಾ? ಇಲ್ಲ ಮೇಡಂ... ನಾನು ಮೋರಿ ನೋಡೋಕೆ ಬಂದಿದ್ದೆ."

ಮೋರಿ!

ಮೇಲೆ ಕಿಟಕಿಯಲ್ಲಿ ಅತ್ತಿಗೆ ಬಾಯಿಗೆ ಸೆರಗು ತುರುಕಿಕೊಂಡಿದ್ದು ಕಂಡಿತು. ಜೇಡಮ್ಮನಿಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು.

ಆದರೆ ಅವನ ಕಣ್ಣಲ್ಲಿ ತಮಾಷೆ ಇರಲಿಲ್ಲ. "ಇಲ್ಲಿ ಬನ್ನಿ. ಬೇಗ. ಇದನ್ನ ನೋಡಿ."

ಮೋರಿಯ ಅಂಚಿನಲ್ಲಿ, ಹುಲ್ಲಿನ ಮರೆಯಲ್ಲಿ, ಒಂದು ಕಲ್ಲಿನ ತೂಬು. ಅಂಗೈಯಷ್ಟು ಬಾಯಿ. ಅದರ ತುಟಿಯಲ್ಲಿ ಪಾಚಿ, ಒಣಗಿ ಕಂದಾದ ಪಾಚಿ.

"ಪಾಚಿ ಬೆಳೀಬೇಕು ಅಂದ್ರೆ ಇಲ್ಲಿ ವರ್ಷಗಟ್ಟಲೆ ನೀರು ಹರಿದಿರಬೇಕು. ಒಣಗಿದೆ ಅಂದ್ರೆ ಈಚೆಗೆ ನಿಂತಿದೆ. ಇದು ಬರೋದು ನಿಮ್ಮ ಮನೆ ಕಡೆಯಿಂದ."

"ಇಲ್ಲಿ ಗುಬ್ಬಿಗಳು ನೀರು ಕುಡೀತಿದ್ವು..." ಅವಳಿಗೆ ತಟ್ಟನೆ ನೆನಪಾಯಿತು. "ಶಾಲೆಯಿಂದ ಬರುವಾಗ ದಿನಾ ನೋಡ್ತಿದ್ದೆ. ಈಗ ಬರಲ್ಲ."

"ಯಾವಾಗಿಂದ ಬರಲ್ಲ?"

ಅವಳು ಯೋಚಿಸಿದಳು. "ಅಪ್ಪ ಹೋದ್ಮೇಲೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಮೊದಲ ದಿನ ಕೋಲಲ್ಲಿ ಕೇಳಿದಾಗ, ಆ ನೀರು ದಾರಿ ಗೊತ್ತಿರೋ ಹಾಗೆ ಹೋಗ್ತಿತ್ತು," ಅಂದ ಅವನು. "ಸುಮ್ನೆ ಸೋರೋ ನೀರಿಗೆ ಆ ಸದ್ದಿರಲ್ಲ. ಅದು ನನ್ನ ತಲೇಲಿ ಕೊರೀತಾನೇ ಇತ್ತು. ನಾನು ನೀರನ್ನ ನಿಲ್ಲಿಸಿದೆ ಅಷ್ಟೇ, ಎಲ್ಲಿಗೆ ಹೊರಟಿತ್ತು ಅಂತ ಕೇಳಲಿಲ್ಲ. ಮಳೆ ಬಂದ್ರೆ ಅದು ಗೋಡೆ ಹಿಂದೆ ತುಂಬ್ಕೊಂಡು ತಳ್ಳತ್ತೆ. ಮನೆಗೇ ಅಪಾಯ. ಎಲ್ಲ ಕಡೆ ಕೋಲಿಟ್ಟು ಕೇಳಿದೀನಿ... ಒಂದೇ ಒಂದು ಜಾಗ ಬಿಟ್ಟು."

ಯಾವ ಜಾಗ ಅಂತ ಅವಳು ಕೇಳಲಿಲ್ಲ.

ಆ ಮಧ್ಯಾಹ್ನ ಮನೆಯವರೆಲ್ಲ ನೆಲಮಾಳಿಗೆಯಲ್ಲಿ ಸೇರಿದ್ದರು. ಅವಳು ಸರಿದು ದಾರಿ ಬಿಟ್ಟಳು. ಅವನು ಚಪ್ಪಲಿ ಕಳಚಿ ಆ ಸಂದಿಗೆ ತೂರಿ, ಅಪ್ಪನ ಫೋಟೋದ ಕೆಳಗೆ ಕೋಲು ಇಟ್ಟ.

ಯಾರೂ ಉಸಿರಾಡಲಿಲ್ಲ.

ಅವನು ಬಹಳ ಹೊತ್ತು ಅಲ್ಲೇ ಇದ್ದ. ಎದ್ದಾಗ ಮುಂಗೈ ರೋಮ ನೆಟ್ಟಗಿತ್ತು. "ಇಲ್ಲೇ. ಗಾರೆ ಹಿಂದೆ ಟೊಳ್ಳಿದೆ. ಇದನ್ನ ಒಡೀಬೇಕು."

"ಏನ್ರೀ!" ಅಣ್ಣ ಸಿಡಿದ. "ಮೊದ್ಲು ನೀರು ನಿಲ್ಸಿದ್ರಿ, ಈಗ ನೀರು ಬಿಡಬೇಕು ಅಂತೀರಿ. ನೀವು ಡಾಕ್ಟ್ರಾ, ಚುನಾವಣೆಗೆ ನಿಂತೋರಾ? ಅದು ನಮ್ಮಪ್ಪ ಕೈ ಮುಗೀತಿದ್ದ ಜಾಗ. ಅದಕ್ಕೆ ಸುತ್ತಿಗೆ ಹಾಕೋಕೆ ನಾನು ಬಿಡಲ್ಲ. ಅದಕ್ಕಿಂತ ಮಣ್ಣು ತುಂಬಿಸೋದೇ ಮೇಲು."

"ಅಣ್ಣಾ..."

"ನೀನು ಸುಮ್ನಿರು ಪುಟ್ಟಿ. ಒಂದು ಹನಿ ಬೇಡ ಅಂದೋಳು ನೀನು, ಈಗ ಹನಿ ಬೇಕು ಅಂತೀಯಾ. ಇವ್ರ ಮಾತು ಒಂದ್ಸಲ ಕೇಳಿ ಏನಾಯ್ತು ನೋಡಿದ್ವಲ್ಲ!"

ಅವಳು ತುಂಡಾದ ಎಳೆಗಳನ್ನು ನೋಡಿದಳು. ಅಣ್ಣ ಹೇಳಿದ್ದು ನಿಜವೇ. ಈ ಮನುಷ್ಯ ಒಂದು ಸಲ ತಪ್ಪಿದ್ದಾನೆ. ಇನ್ನೊಂದು ಸಲ ತಪ್ಪಿದರೆ? ಮಗ್ಗವೂ ಹೋಗುತ್ತೆ, ಹಾಸೂ ಹೋಗುತ್ತೆ, ಅಪ್ಪ ಬಗ್ಗುತ್ತಿದ್ದ ಆ ಒಂದು ಜಾಗವೂ ಹೋಗುತ್ತೆ...

ಅವನು ಅವಳನ್ನೇ ನೋಡುತ್ತಿದ್ದ. ಒತ್ತಾಯ ಮಾಡಲಿಲ್ಲ. "ಟೊಳ್ಳು ಇದೆ ಅನ್ನೋದು ಖಚಿತ. ಒಳಗೆ ಏನಿದೆ ಅಂತ ಮಾತ್ರ ಗೊತ್ತಿಲ್ಲ," ಅಂದ. "ಗೊತ್ತಿದೆ ಅಂತ ಸುಳ್ಳು ಹೇಳಲ್ಲ."

ಆಗ ಮೆಟ್ಟಿಲ ಮೇಲೆ ಕೂತಿದ್ದ ಅಮ್ಮ ಮೆಲ್ಲಗೆ ಮಾತಾಡಿದರು.

"ಅವ್ರು ಅಲ್ಲಿಂದ ಎದ್ದಾಗ ಕೈ ಒದ್ದೆ ಇರ್ತಿತ್ತು."

ಎಲ್ಲರೂ ತಿರುಗಿದರು.

"ದಿನಾ ಬೆಳಗ್ಗೆ ಕಾಫಿ ತರ್ತಿದ್ದೆನಲ್ಲ, ಲೋಟ ತಗೊಳ್ಳುವಾಗ ಬೆರಳು ತಣ್ಣಗೆ, ಒದ್ದೆ. ಕೈ ಮುಗಿದು ಅಳ್ತಾರೆ, ಕಣ್ಣು ಒರೆಸ್ಕೊಂಡು ಬರ್ತಾರೆ ಅನ್ಕೊಂಡಿದ್ದೆ ನಾನು. ಇಷ್ಟು ವರ್ಷ... ಏನು ದುಃಖ ಇತ್ತೋ ಇವ್ರಿಗೆ, ನಂಗೆ ಹೇಳ್ಲಿಲ್ವಲ್ಲ ಅಂತ ಒಳಗೇ ಕೊರಗ್ತಿದ್ದೆ." ಅಮ್ಮ ಅಣ್ಣನ ಕಡೆ ತಿರುಗಿದರು. "ಅದು ಕಣ್ಣೀರಾ ಅಲ್ವಾ ಅಂತ ನಂಗೆ ಗೊತ್ತಾಗಬೇಕು ಕಣೋ."

ಅವಳು ಅವನ ಕಣ್ಣು ನೋಡಿದಳು. "ಒಡೀರಿ."

ಫೋಟೋ ಇಳಿಸಿದ್ದು ಅಣ್ಣನೇ. ಬೇರೆಯವರಿಗೆ ಕೊಡಲಿಲ್ಲ, ಎದೆಗೆ ಒತ್ತಿ ಹಿಡಿದುಕೊಂಡು ನಿಂತ.

ಸುತ್ತಿಗೆಯ ಮೊದಲ ಏಟಿಗೆ ಅವಳು ಕಣ್ಣು ಮುಚ್ಚಿದಳು. ಎರಡು, ಮೂರು... ಗಾರೆ ಉದುರಿತು. ಗಾರೆಯ ಹಿಂದೆ ಒಂದು ಗೂಡು. ಗೂಡಿನೊಳಗೆ ಗೋಡೆಗೆ ಹೊಡೆದ ಒಂದು ಮರದ ಬಿರಟೆ, ಬಾಟಲಿಯ ಬಾಯಿಗೆ ಇರುತ್ತದಲ್ಲ, ಹಾಗೆ, ಆದರೆ ಮುಷ್ಟಿಗಾತ್ರದ್ದು. ಅದರ ಸುತ್ತ ಬಿಗಿಯಾಗಿ ನೂಲು ಸುತ್ತಿತ್ತು. ಕೊಳೆತು ಕಪ್ಪಾಗಿದ್ದ ನೂಲು.

"ನೀರು ಸೋರದ ಹಾಗೆ ಸುತ್ತಿರೋದು," ಅಂದ ಅವನು ಬೆರಗಾಗಿ. "ನಾವೂ ಪೈಪಿಗೆ ಹೀಗೇ ಸುತ್ತೋದು. ಆದ್ರೆ ಈ ಗಂಟು..."

"ನೇಯೋರ ಗಂಟು," ಅಂದಳು ಅವಳು, ಸಂದಿಗೆ ಬಗ್ಗಿ ನೋಡುತ್ತಾ. "ಅಪ್ಪ ನಂಗೆ ಮೊದಲು ಕಲಿಸಿದ್ದೇ ಇದು."

ಗೂಡಿನ ಕೆಳಗೆ ಕಲ್ಲಿನ ಕಾಲುವೆ. ಅದು ಸಣ್ಣ ಚಪ್ಪಡಿಗಳ ಅಡಿಯಲ್ಲಿ, ಗೋಡೆಯ ಬುಡದುದ್ದಕ್ಕೂ ಕೋಣೆಯನ್ನು ಸುತ್ತಿ, ಓಣಿಯ ತೂಬಿಗೆ ಹೋಗುತ್ತಿತ್ತು. ಚಪ್ಪಡಿಗಳ ನಡುವೆ ಬೆರಳು ಹೋಗುವಷ್ಟು ಸಂದು. ಆ ಸಂದುಗಳಿಂದ ನೀರಿನ ತಂಪು ಮೇಲೇರಿ ನೂಲನ್ನು ಮೆತ್ತಗೆ ಇಡುತ್ತಿತ್ತು. ಮಗ್ಗದ ಟಕ್-ಟಕಾದಲ್ಲಿ ಅದರ ಸದ್ದು ಮಾತ್ರ ಯಾರ ಕಿವಿಗೂ ಬಿದ್ದಿರಲಿಲ್ಲ. ಗಾರೆಯವನು ಬಿರಟೆಯ ಗೂಡಿನಿಂದ ಹಿಡಿದು ಸಂದು ಕಂಡಲ್ಲೆಲ್ಲ ಮುಚ್ಚಿದ್ದ. ಸಂದು ಮುಚ್ಚುವುದೇ ಅವನ ಕೆಲಸ, ಪಾಪ! ದಾರಿ ಕಟ್ಟಿಹೋದ ನೀರು ಗೋಡೆಯ ಬುಡದಿಂದ ಜಿನುಗಿತ್ತು.

ಅಪ್ಪ ಕೈ ಮುಗಿಯುತ್ತಿರಲಿಲ್ಲ. ದಿನಾ ಬೆಳಗ್ಗೆ ಮಂಡಿಯೂರಿ ಆ ಬಿರಟೆ ತಿರುಗಿಸುತ್ತಿದ್ದರು. ಬಿಸಿಲು ಹೆಚ್ಚಿದ್ದರೆ ಸ್ವಲ್ಪ ಜಾಸ್ತಿ, ಮಳೆ ಇದ್ದರೆ ಸ್ವಲ್ಪ ಕಮ್ಮಿ. ಅವರು ಈ ಕೋಣೆ ಕಟ್ಟಿದ್ದೇ ಆ ನೀರಿನ ಸುತ್ತ!

ಅವನು ಸಿಮೆಂಟು ಕಿತ್ತು ಕಾಲುವೆ ಬಿಡಿಸಿದ. ಬಿರಟೆಗೆ ಕೈ ಹಾಕಿ, ಕೈ ಹಿಂದೆಗೆದ. "ನೀವೇ ತಿರುಗಿಸಿ," ಅಂದ ಅವಳಿಗೆ.

ಅವಳು ಅಪ್ಪನ ಹಾಗೆಯೇ ಮಂಡಿಯೂರಿದಳು. ಅಪ್ಪನ ಹಾಗೆಯೇ ಬಗ್ಗಿದಳು. ತಿರುಗಿಸಿದಳು.

ಮೊದಲು ಒಂದು ನಿಟ್ಟುಸಿರು. ಆಮೇಲೆ ನೀರು!

ತಣ್ಣಗೆ, ತಿಳಿಯಾಗಿ, ಬೆರಳುಗಳ ಮೇಲಿಂದ ಕಾಲುವೆಗೆ ಇಳಿದು, ಮರೆತಿದ್ದ ದಾರಿಯನ್ನು ತಾನೇ ನೆನಪು ಮಾಡಿಕೊಳ್ಳುತ್ತಾ ಕೋಣೆಯ ಸುತ್ತ ಹರಿಯಿತು. ಕೋಲು ಬೇಕಾಗಲಿಲ್ಲ. ಎಲ್ಲರಿಗೂ ಕೇಳಿಸಿತು.

ಸ್ವಲ್ಪ ಹೊತ್ತಿಗೆ, ಓಣಿಯ ತೂಬು ನೋಡಲು ಓಡಿದ್ದ ಅತ್ತಿಗೆಯ ಕೂಗು. "ಬಂತು! ಜೇಡಮ್ಮಾ, ಇಲ್ಲಿ ಬಂತು ಕಣೇ!"

ಅವಳು ಒದ್ದೆ ಕೈಯನ್ನು ಅಮ್ಮನ ಕೈಯಲ್ಲಿಟ್ಟಳು. ಅಮ್ಮ ಆ ಬೆರಳುಗಳನ್ನು ಕೆನ್ನೆಗೆ ಒತ್ತಿಕೊಂಡರು.

"ಅಳ್ತಿರಲಿಲ್ಲ ಕಣೇ ಅವ್ರು," ಅಂದರು. ಈಗ ಅಳುತ್ತಿದ್ದದ್ದು ಅಮ್ಮ, ನಗುತ್ತಾ. "ಕಳ್ಳ! ನೀರಾಟ ಆಡ್ತಿದ್ರು!"

ಅಣ್ಣ ಫೋಟೋವನ್ನು ಎದುರು ಗೋಡೆಗೆ ಹಾಕಿದ. ಅಲ್ಲಿಂದ ಅಪ್ಪನಿಗೆ ಮಗ್ಗವೂ ಕಾಣುತ್ತೆ, ನೀರೂ ಕಾಣುತ್ತೆ.

ಮರುದಿನ ಬೆಳಗ್ಗೆ ಅವಳು ಎಳೆ ಮುಟ್ಟಿದಳು. ಮೆತ್ತಗಿತ್ತು. ತುಂಡಾದವನ್ನೆಲ್ಲ ಗಂಟು ಹಾಕಿ ಲಾಳಿ ಎಸೆದಳು. ಟಕ್-ಟಕಾ. ಒಂದೂ ತುಂಡಾಗಲಿಲ್ಲ. ನೀರು ಕಾಲುವೆಯಲ್ಲೇ ಹೋಗುತ್ತಿದ್ದರಿಂದ ಅಮ್ಮನ ಗೋಡೆಯೂ ಒಣಗಿಯೇ ಇತ್ತು.

ಅವನು ಹೊಸ ಬಿರಟೆ ಕೆತ್ತಿಕೊಂಡು ಬಂದಿದ್ದ. ಅವಳು ಅದಕ್ಕೆ ನೂಲು ಸುತ್ತಿದಳು. ಅವನು ಹಿಡಿದುಕೊಂಡಿದ್ದ, ಅವಳು ಸುತ್ತುತ್ತಿದ್ದಳು. ಬೆರಳಿಗೆ ಬೆರಳು ತಾಗಿತು. ಯಾರೂ ತೆಗೆಯಲಿಲ್ಲ.

"ಅವತ್ತು ತುಂಬ ಬೈದೆ ನಿಮಗೆ," ಅಂದಳು.

"ಅದಕ್ಕೂ ಮುಂಚೆ ಹೊಡೆದೂ ಇದೀರ."

ಅವಳು ನಕ್ಕಳು. ಅವನು ನಗಲಿಲ್ಲ. ಬಿರಟೆಯನ್ನೇ ನೋಡುತ್ತಾ ಹೇಳಿದ. "ಒಂದು ವಿಷಯ ಹೇಳಬೇಕು. ಬಾಗಿಲಲ್ಲಿ ನಿಂತಾಗ ಹೇಳೋಕೆ ಹೋಗಿ ನಿಂಬೆಹಣ್ಣು ಅಂದ್ಬಿಟ್ಟೆ. ಈಗ ಯಾವ ಮನೆ ಗೋಡೆಗೆ ಕೋಲಿಟ್ರೂ ನಂಗೆ ನೀರು ಕೇಳಿಸ್ತಿಲ್ಲ. ಟಕ್-ಟಕಾ ಅಂತ ಮಗ್ಗ ಕೇಳಿಸತ್ತೆ. ಕೆಲಸ ಕೆಡ್ತಿದೆ. ಏನು ಮಾಡ್ಲಿ?"

ಅವಳ ಕೈ ನಿಂತಿತು. ಗೋಡೆಯೊಳಗಿನ ನೀರು, ಅವನ ಉಸಿರು, ತನ್ನ ಎದೆ... ಎಲ್ಲವೂ ಒಟ್ಟಿಗೆ ಕೇಳಿಸುತ್ತಿತ್ತು. ಮೆಲ್ಲಗೆ ನೇಯುವವರ ಗಂಟು ಹಾಕಿದಳು. ಎಷ್ಟು ಎಳೆದರೂ ಬಿಚ್ಚಿಕೊಳ್ಳದ ಗಂಟು.

"ನಂಗೆ ಈ ಬಿರಟೆ ತಿರುಗಿಸೋಕೆ ಬರಲ್ಲ," ಅಂದಳು.

"ನಿನ್ನೆ ತಿರುಗಿಸಿದ್ರಲ್ಲ?"

"ಮರೆತುಹೋಯ್ತು."

"ಇವತ್ತು ಹೇಳಿಕೊಡ್ತೀನಿ."

"ನಾಳೆ ಮತ್ತೆ ಮರೀತೀನಿ."

ಅವನು ಈಗ ತಲೆಯೆತ್ತಿದ. ಮೊದಲ ದಿನ ಕಣ್ಣು ಮುಚ್ಚಿಕೊಂಡು ನಕ್ಕಿದ್ದನಲ್ಲ, ಅದೇ ನಗು, ಕಣ್ಣು ತೆರೆದುಕೊಂಡು.

"ದಿನಾ ಮರೀತೀರಾ?"

"ಹೂಂ. ದಿನಾ."

ಓಣಿಯ ತೂಬಿನಲ್ಲಿ ಗುಬ್ಬಿಗಳು ಬಂದಿದ್ದವು.

ಈಗ ನೀವು ಹೇಳಿ. ಒಂದು ಸಲ ತಪ್ಪಿದ ಮನುಷ್ಯ, ಒಳಗೆ ಏನಿದೆ ಅಂತ ತನಗೂ ಗೊತ್ತಿಲ್ಲ ಅಂತಾನೆ, ಅಪ್ಪ ಬಗ್ಗುತ್ತಿದ್ದ ಗೋಡೆಗೆ ಸುತ್ತಿಗೆ ಹಾಕಲು ಕೇಳುತ್ತಾನೆ... ಅವಳ ಜಾಗದಲ್ಲಿ ನೀವಿದ್ದಿದ್ದರೆ 'ಒಡೀರಿ' ಅನ್ನುತ್ತಿದ್ದಿರಾ?